ರಾಗ ಹೊರಗಿನದು, ಮಾತು ಬಳ್ಳಾರಿಯದು

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಮಾನ್ವಿಯ ಜಗನ್ನಾಥದಾಸರು ತೀರಿಕೊಂಡು ಆಗಿನ್ನೂ ಒಂದು ವರ್ಷವಾಗಿತ್ತು. ತುಂಗಭದ್ರೆಯ ಆಚೆ ಮಾನ್ವಿ, ಈಚೆ ಸಿರುಗುಪ್ಪ. ಈ ಸೀಮೆಯಲ್ಲಿ ದೇವರ ಹಾಡೆಂಬುದು ಪುಸ್ತಕದಲ್ಲಿ ಮಲಗಿರಲಿಲ್ಲ. ದಾಸರ ‘ಹರಿಕಥಾಮೃತಸಾರ’ದ ಭಾಮಿನಿ ಷಟ್ಪದಿ ಮನೆಮನೆಯ ಪಾರಾಯಣದಲ್ಲಿತ್ತು. ಕುರುಗೋಡಿನ ದೊಡ್ಡಬಸವೇಶ್ವರನ ಸೀಮೆಯಲ್ಲಿ ಏಕತಾರಿ ಹಿಡಿದ ತತ್ವಪದಕಾರರಿದ್ದರು. ಮೊಹರಮ್ಮಿನ ರಾತ್ರಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ಕನ್ನಡದಲ್ಲೇ ರಿವಾಯತ್ ಪದ ಹಾಡುವ ರೂಢಿಯೂ ಈ ಭಾಗದ್ದೇ. ಒಬ್ಬರು ಎತ್ತಿಕೊಡುವುದು, ಉಳಿದವರು ಹಿಂದೆ ಹಾಡುವುದು, ತಾಳ ತಪ್ಪದಂತೆ ರಾತ್ರಿಯೆಲ್ಲ ಸಾಗುವುದು ಇಲ್ಲಿಯವರಿಗೆ ಹುಟ್ಟಿನಿಂದ ಗೊತ್ತಿದ್ದ ವಿದ್ಯೆ.

ಇಂಥ ಊರಿನಲ್ಲಿ ಕ್ರೈಸ್ತ ಸಮೂಹಗಾಯನ ಮೊದಲು ಕೇಳಿಸಿದ್ದು ಕನ್ನಡದಲ್ಲಲ್ಲ, ಇಂಗ್ಲಿಷಿನಲ್ಲಿ. ಅದಕ್ಕೆ ಕಾರಣ ಕೋಟೆ. 1800ರಲ್ಲಿ ನಿಜಾಮ ಬಳ್ಳಾರಿಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಕಲೆಕ್ಟರರಾಗಿ ಕಂದಾಯ ಕಟ್ಟಲು ನಿಂತರು, ಊರು ದಂಡಿನ ನೆಲೆಯಾಯಿತು. ಹ್ಯಾಂಡ್ಸ್ ಅವರ ಆರಂಭದ ಸಭೆಯಲ್ಲಿ ಹೆಚ್ಚಿನವರು ಯುರೋಪಿನ ಸೈನಿಕರು, ಅವರ ಸಂಸಾರದವರು. ಕನ್ನಡಿಗರು ಬಂದದ್ದು ಬಹಳ ನಿಧಾನವಾಗಿ, ಬೆರಳೆಣಿಕೆಯಲ್ಲಿ. ಹ್ಯಾಂಡ್ಸ್ ಎದೆಗುಂದದೆ ಕನ್ನಡ ಕಲಿತರು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕುಳಿತರು. ಇಡೀ ಬೈಬಲ್ ಮುದ್ರಣವಾಗಿ ಹೊರಬರುವ ಹೊತ್ತಿಗೆ 1831 ಆಗಿತ್ತು. ಅವರ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಕೊಟ್ಟರು. ನಿಘಂಟುಕಾರ ಕಿಟೆಲ್ ಹೆಸರು ಬಲ್ಲ ಕನ್ನಡಿಗರಲ್ಲಿ ರೀವ್ ಹೆಸರು ಬಲ್ಲವರು ಕಡಿಮೆ. ಬಳ್ಳಾರಿಯ ಮಟ್ಟಿಗಾದರೂ ಈ ಮರೆವು ಸರಿಯಲ್ಲ.

ಗದ್ಯ ಹೀಗೆ ಬಂತು. ಹಾಡು ಅಷ್ಟು ಸುಲಭಕ್ಕೆ ಬರಲಿಲ್ಲ.

ಲಂಡನ್ ಮಿಷನ್ನಿನವರಲ್ಲಿ ಬಹುಪಾಲು ಕಾಂಗ್ರಿಗೇಷನಲ್ ಪಂಥದವರು. ಅವರ ಕಿವಿಯಲ್ಲಿದ್ದದ್ದು ಐಸಾಕ್ ವಾಟ್ಸ್ (1674-1748) ಬರೆದ ಗೀತೆಗಳ ಪರಂಪರೆ. ಆ ಪರಂಪರೆಯಲ್ಲಿ ಪದ್ಯ ಬೇರೆ, ಧಾಟಿ ಬೇರೆ. ಎಂಟು, ಆರು, ಎಂಟು, ಆರು ಅಕ್ಷರಗಳ ನಾಲ್ಕು ಸಾಲಿನ ಅಳತೆಯೊಂದಿದೆ. ಆ ಅಳತೆಯ ಯಾವ ಪದ್ಯವನ್ನಾದರೂ ಆ ಅಳತೆಯ ಯಾವ ಧಾಟಿಗಾದರೂ ಹಾಡಬಹುದು. ಹಾಗಾದರೆ ಕನ್ನಡದಲ್ಲೂ ಅಕ್ಷರ ಎಣಿಸಿ ಕೂಡಿಸಿದರೆ ಆಯಿತಲ್ಲ ಎಂದು ಅನ್ನಿಸುವುದು ಸಹಜ.

ತೊಡಕು ಇದ್ದದ್ದು ಅಲ್ಲೇ. ಇಂಗ್ಲಿಷ್ ಪದ್ಯ ನಡೆಯುವುದು ಉಚ್ಚಾರಣೆಯ ಒತ್ತಿನ ಮೇಲೆ, ಕನ್ನಡ ಪದ್ಯ ನಡೆಯುವುದು ಲಘು-ಗುರುಗಳ ಮೇಲೆ. ಧಾಟಿ ಒಂದು ಸ್ವರದಲ್ಲಿ ನಿಂತುಬಿಟ್ಟರೆ ಅದರ ಕೆಳಗೆ ಸಿಕ್ಕಿದ ಲಘು ಅಕ್ಷರ ದೀರ್ಘವಾಗುತ್ತದೆ. ದೇವರಲ್ಲಿ ‘ಬಲ’ ಬೇಡುವವನ ಬಾಯಲ್ಲಿ ‘ಬಾಲ’ ಬರುತ್ತದೆ. ಪ್ರಾಸದ್ದೂ ಅದೇ ಕಥೆ. ಹಳೆಯ ಕನ್ನಡ ಪದ್ಯದ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿದ್ದರೆ, ಇಂಗ್ಲಿಷ್ ಗೀತೆಯದು ಸಾಲಿನ ಕೊನೆಯಲ್ಲಿ. ಕನ್ನಡ ವಾಕ್ಯದ ಕೊನೆಗೆ ಬರುವುದು ಕ್ರಿಯಾಪದವಾದ್ದರಿಂದ ಪ್ರಾಸಕ್ಕಾಗಿ ಸಾಲುಸಾಲಿಗೂ ಅದೇ ‘-ನು’, ‘-ವು’ಗಳು ಬಂದು ಕೂರುತ್ತವೆ. ಭಕ್ತಿ ಎಷ್ಟೇ ನಿಜವಾಗಿದ್ದರೂ ಇಂಥ ಹಾಡು ಭಜನೆ ಕೇಳಿ ಬೆಳೆದವನ ಕಿವಿಯಲ್ಲಿ ನಿಲ್ಲುವುದಿಲ್ಲ.

ಆ ಕಾಲದ ಬಳ್ಳಾರಿಯಲ್ಲೇ ಇನ್ನೊಂದು ಕ್ರೈಸ್ತ ಗುಂಪಿತ್ತು. ಮದರಾಸಿನ ಪಲ್ಟನ್ನುಗಳ ಬೆನ್ನಿಗೆ ಬಂದ ತಮಿಳರ ಗುಂಪು ಅದು. 1827ರಲ್ಲಿ ಬೆಂಗಳೂರಿನಿಂದ ಬಂದ ಸ್ಯಾಮ್ಯುಯೆಲ್ ಫ್ಲೇವೆಲ್ ಈ ತಮಿಳು ಸಭೆಯ ಬೋಧಕರಾಗಿ, 1847ರಲ್ಲಿ ತೀರಿಕೊಳ್ಳುವವರೆಗೆ ಇಪ್ಪತ್ತು ವರ್ಷ ಇಲ್ಲೇ ದುಡಿದರು. ಹೆಸರು ಇಂಗ್ಲಿಷಿನದಾದರೂ ಅವರು ತಮಿಳರು. ವಲಸೆ ಬಂದ ಈ ತಮಿಳು ಕ್ರೈಸ್ತರಿಗೆ ಕನ್ನಡ ಕ್ರೈಸ್ತರಿಗಿಲ್ಲದ ಭಾಗ್ಯವೊಂದಿತ್ತು. ತಂಜಾವೂರಿನ ಸರಫೋಜಿ ದೊರೆಯ ಆಸ್ಥಾನಕವಿ ವೇದನಾಯಗಂ ಶಾಸ್ತ್ರಿಯಾರ್ (1774-1864) ಕ್ರಿಸ್ತನ ಕಥೆಯನ್ನು ಕರ್ನಾಟಕ ಸಂಗೀತದ ರಾಗತಾಳಗಳಲ್ಲಿ ಹಾಡಾಗಿಸಿದ್ದರು. ಅವರ ‘ಬೆತ್ಲಹೇಮ್ ಕುರವಂಜಿ’ ಕುರವಂಜಿಯೆಂಬ ದೇಸಿ ರೂಪದಲ್ಲೇ ಕಟ್ಟಿದ ಕೃತಿ. ಪಲ್ಲವಿ, ಅನುಪಲ್ಲವಿ, ಚರಣಗಳಲ್ಲಿ ಯೇಸುವನ್ನು ಹಾಡುವ ದಾರಿ ತಮಿಳಿನಲ್ಲಿ ಆಗಲೇ ಸವೆದು ಹದವಾಗಿತ್ತು. ತೆಲುಗಿನಲ್ಲಿ ಅದೇ ಕೆಲಸ ಮಾಡಿದವರು ಪುರುಷೋತ್ತಮ ಚೌಧರಿ (1803-1890), ಮುಂದೆ ಮರಾಠಿಯಲ್ಲಿ ನಾರಾಯಣ ವಾಮನ ಟಿಳಕ್ (1861-1919). ಮೂವರೂ ತಮ್ಮ ಭಾಷೆಯ ಸಂಗೀತದಲ್ಲಿ ಬೆಳೆದವರು, ಮೂವರೂ ಕವಿಗಳು. ಕನ್ನಡಕ್ಕೆ ಆ ಎತ್ತರದ ಒಬ್ಬ ಕ್ರೈಸ್ತ ಪದಕಾರ ಆ ಕಾಲದಲ್ಲಿ ಸಿಗಲಿಲ್ಲ. ಕನ್ನಡ ಕ್ರೈಸ್ತ ಗಾಯನದ ಇತಿಹಾಸದಲ್ಲಿ ದೊಡ್ಡ ಕೊರತೆ ಇದೇ.

ಆ ಕೊರತೆಯನ್ನು ಕಂಡುಕೊಂಡವರು ಕರಾವಳಿಯ ಜರ್ಮನರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಮ್ಮ ಲೂಥರ್ ಪರಂಪರೆಯ ಗಂಭೀರ ಧಾಟಿಗಳನ್ನು ಹೊತ್ತು ತಂದರು. ಆದರೆ ಅವರಲ್ಲೇ ಒಬ್ಬರಾದ ಹರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದ ದಾಸರ ಪದಗಳ ಸಂಗ್ರಹವನ್ನು ಹೊರತಂದರು. ಬಾಯಿಂದ ಬಾಯಿಗೆ ಸಾಗಿಬಂದ ಹರಿದಾಸರ ಹಾಡುಗಳಿಗೆ ಅಚ್ಚಿನ ರೂಪ ಕೊಟ್ಟ ಮೊದಲಿಗರಲ್ಲಿ ಅವರು ಒಬ್ಬರು. 1853ರಲ್ಲಿ ಬಂದ ಫರ್ಡಿನಂಡ್ ಕಿಟೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1862ರ ಅವರ ‘ಕಥಾಮಾಲೆ’ ಯೇಸುವಿನ ಜೀವನವನ್ನು ದೇಸಿ ಛಂದಸ್ಸಿನಲ್ಲಿ ಹೇಳುತ್ತದೆ. 1875ರಲ್ಲಿ ಅವರು ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ನಿಘಂಟಿನ ಕಿಟೆಲ್ ಎಲ್ಲರಿಗೂ ಗೊತ್ತು. ಕನ್ನಡದಲ್ಲಿ ದೇವರನ್ನು ಹಾಡಬೇಕಾದರೆ ಕನ್ನಡದ ಮಾತ್ರೆ ಎಣಿಸಬೇಕು ಎಂದು ಅರಿತ ಕಿಟೆಲ್ ಅವರಿಗೂ ಅಷ್ಟೇ ಮನ್ನಣೆ ಸಲ್ಲಬೇಕು.

ಈ ಎರಡು ಹೊಳೆಗಳ ಗುರುತು ಇಂದಿಗೂ ಕನ್ನಡ ಸಭೆಗಳ ಬಳಕೆಯಲ್ಲಿದೆ. ಪಾಶ್ಚಾತ್ಯ ಧಾಟಿಗೆ ಕೂಡಿಸಿದ ಗೀತೆಗಳದು ಒಂದು ಬಗೆ, ದೇಸಿ ರಾಗತಾಳದ ಕೀರ್ತನೆಗಳದು ಇನ್ನೊಂದು. ಭಾನುವಾರದ ಆರಾಧನೆಯಲ್ಲಿ ಎರಡೂ ಬರುತ್ತವೆ. ಗೀತೆಯನ್ನು ಸಭೆಯೆಲ್ಲ ಎದ್ದು ನಿಂತು ಹಾಡುತ್ತದೆ. ನಾಲ್ಕು ಸ್ತರದ ಸ್ವರಮೇಳ ಗಾಯನ ಮಂಡಳಿಯ ಅಭ್ಯಾಸಕ್ಕೆ ಸೇರಿದ್ದು, ಸಭೆಯ ಬಹುಪಾಲು ಜನ ಒಂದೇ ಸ್ವರದಲ್ಲಿ ಹಾಡುತ್ತಾರೆ. ಕೀರ್ತನೆ ಬಂದಾಗ ಕೈತಾಳ ತಾನಾಗಿ ಶುರುವಾಗುತ್ತದೆ. ಎತ್ತಿಕೊಡುವವರು ಒಬ್ಬರು, ಹಿಂದೆ ಹಾಡುವವರು ಎಲ್ಲರೂ. ಕುರುಗೋಡಿನ ಭಜನೆಯ ಪಂಕ್ತಿಯಲ್ಲಿ ಕೂತವನನ್ನು ತಂದು ಇಲ್ಲಿ ಕೂರಿಸಿದರೆ ಎರಡನೆಯ ಸಾಲಿಗೆ ಅವನೂ ದನಿಗೂಡಿಸಬಲ್ಲ.

ಹಾಡು ಕಲಿಸುವ ಜಾಗ ಶಾಲೆಯಾಗಿತ್ತು. 1846ರಲ್ಲಿ ಆರಂಭವಾದ ವಾರ್ಡ್ಲಾ ಶಾಲೆ ಬಳ್ಳಾರಿಯ ಹಲವು ತಲೆಮಾರುಗಳಿಗೆ, ಎಲ್ಲ ಜಾತಿ ಮತದವರಿಗೆ, ಇಂಗ್ಲಿಷ್ ವಿದ್ಯೆ ಕೊಟ್ಟಿತು. ಇಂಗ್ಲೆಂಡಿನ ಪಾದ್ರಿ ಜಾನ್ ಕರ್ವೆನ್ ಹಬ್ಬಿಸಿದ ‘ಟಾನಿಕ್ ಸೋಲ್ಫಾ’ ಪದ್ಧತಿಯನ್ನು ಲಂಡನ್ ಮಿಷನ್ನಿನವರು ಮಡಗಾಸ್ಕರದವರೆಗೂ ಒಯ್ದರು, ದಕ್ಷಿಣ ಭಾರತದ ಸಭೆಗಳಿಗೂ ಅದು ಬಂತು. ಐದು ಗೆರೆಗಳ ಲಿಪಿ ಬಿಟ್ಟು ಸ್ವರಕ್ಕೆ ಅಕ್ಷರವಿಟ್ಟು ಬರೆಯುವ ಕ್ರಮವದು, ಸರಿಗಮ ಬಲ್ಲ ಊರಿಗೆ ಅಪರಿಚಿತವಲ್ಲ. 1876-78ರ ಮಹಾಬರದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಬರದಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳು ದಕ್ಷಿಣದ ಮಿಷನ್ ವಸತಿಶಾಲೆಗಳನ್ನು ಸೇರಿದರು. ಹಳ್ಳಿಯ ಹಾಡಿನ ಕಿವಿ ಇದ್ದ ಮಕ್ಕಳು ಅವರು. ಹೆಚ್ಚುಕಡಿಮೆ ಅದೇ ದಶಕದಲ್ಲಿ ಕೋಲ್ಕತಾದ ದ್ವಾರಕಾನಾಥ ಘೋಷ್, ಪ್ಯಾರಿಸಿನಲ್ಲಿ ಹುಟ್ಟಿದ ಕಾಲುತಿದಿಯ ಹಾರ್ಮೋನಿಯಮ್ಮನ್ನು ನೆಲದ ಮೇಲೆ ಕೂತು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಬದಲಿಸಿದರು. ಆ ಪೆಟ್ಟಿಗೆ ಭಜನೆಗೂ ಹೋಯಿತು, ಕಂಪನಿ ನಾಟಕಕ್ಕೂ ಹೋಯಿತು, ಪ್ರಾರ್ಥನಾ ಮಂದಿರಕ್ಕೂ ಬಂತು.

ಬಳ್ಳಾರಿ ಇನ್ನೊಂದು ವಿಚಿತ್ರ ಅತಿಥಿವರ್ಗವನ್ನೂ ಕಂಡಿದೆ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ (1899-1902) ಸೆರೆಸಿಕ್ಕ ಡಚ್ ಮೂಲದ ರೈತರನ್ನು ಬ್ರಿಟಿಷರು ಭಾರತದ ಹಲವೆಡೆ ಇಟ್ಟರು. ಬಳ್ಳಾರಿಯೂ ಅದರಲ್ಲಿ ಒಂದು. ಅವರು ಕ್ಯಾಲ್ವಿನ್ ಮತದವರು. ಆರಾಧನೆಯಲ್ಲಿ ಬೈಬಲಿನ ಕೀರ್ತನೆಗಳನ್ನು ಜಿನೀವಾದ ಹಳೆಯ ಧಾಟಿಗಳಲ್ಲಿ ಹಾಡುವುದು ಅವರ ಸಂಪ್ರದಾಯ. ಯುದ್ಧ ಮುಗಿದ ಮೇಲೆ ಅವರು ಹಿಂದಿರುಗಿದರು.

     

ಕಥೋಲಿಕರ ದಾರಿ ಬೇರೆಯಾಗಿತ್ತು. ಬಳ್ಳಾರಿ ಧರ್ಮಪ್ರಾಂತ್ಯ ರೂಪುಗೊಂಡದ್ದು 1949ರಲ್ಲಿ. ಆಗ ಪೂಜೆಯ ಭಾಷೆ ಲ್ಯಾಟಿನ್. 1963ರ ಡಿಸೆಂಬರಿನಲ್ಲಿ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆದ ಮೇಲೆ ಕನ್ನಡದ ಪೂಜೆಗೆ ಕನ್ನಡದ ಹಾಡು ಬೇಕಾಯಿತು. ಪ್ರೊಟೆಸ್ಟಂಟರು ಒಂದು ಶತಮಾನಕ್ಕೂ ಹೆಚ್ಚು ಕಾಲ ತಿಣುಕಿದ ಪ್ರಶ್ನೆಯನ್ನು ಕಥೋಲಿಕರು ಕೆಲವೇ ವರ್ಷಗಳಲ್ಲಿ ಬಿಡಿಸಬೇಕಿತ್ತು. ಕರ್ನಾಟಕದ ಹಲವು ಚರ್ಚುಗಳಲ್ಲಿ ಇದರ ಜೊತೆಗೆ ಕನ್ನಡವೋ ತಮಿಳೋ ಕೊಂಕಣಿಯೋ ಎಂಬ ಜಗಳವೂ ಎದ್ದಿತು. ಹಾಡಿನ ಭಾಷೆ ಯಾವುದೆಂಬುದು ಸಭೆ ಯಾರದೆಂಬ ಪ್ರಶ್ನೆಯೇ ಆಗಿತ್ತು.

ಬಳ್ಳಾರಿಗೆ ಆ ಪ್ರಶ್ನೆ ಗಡಿಯ ರೂಪದಲ್ಲಿ ಬಂತು. 1953ರ ಅಕ್ಟೋಬರ್ 1ರಂದು ಜಿಲ್ಲೆ ಒಡೆಯಿತು. ಬಳ್ಳಾರಿ, ಸಿರುಗುಪ್ಪ ಮೈಸೂರು ರಾಜ್ಯಕ್ಕೆ ಬಂದವು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಕ್ಷೆಯಲ್ಲಿ ಗೆರೆ ಬಿದ್ದರೂ ನೆಂಟಸ್ತಿಕೆ ಮುಂದುವರಿಯಿತು. ಇಲ್ಲಿಯವರಿಗೆ ತೆಲುಗು ಕೀರ್ತನೆಗಳು ದೂರವಲ್ಲ, ಅವು ಕನ್ನಡದ ಹಾಡಿನ ಪಕ್ಕದಲ್ಲೇ ಸಲೀಸಾಗಿ ಕೂರುತ್ತವೆ.

ಪಾಶ್ಚಾತ್ಯ ಧಾಟಿಗಳೆಲ್ಲ ಪರಕೀಯ, ಅವನ್ನು ಕೈಬಿಡಬೇಕು ಎನ್ನುವವರಿದ್ದಾರೆ. ಆ ವಾದ ನಿಲ್ಲುವುದಿಲ್ಲ. ಅಜ್ಜಿಯ ಸಮಾಧಿಯ ಬಳಿ ಹಾಡಿದ, ತಾಯಿಯ ಮದುವೆಯಲ್ಲಿ ಹಾಡಿದ ಧಾಟಿ ಹುಟ್ಟಿದ್ದು ಲೈಪ್ಜಿಗ್‌ನಲ್ಲೋ ಲಂಡನ್ನಿನಲ್ಲೋ ಆಗಿರಲಿ, ನಾಲ್ಕೈದು ತಲೆಮಾರು ಕಳೆದ ಮೇಲೆ ಅದು ಆ ಮನೆಯದೇ. ಆದರೆ ಕನ್ನಡ ಕ್ರೈಸ್ತ ಗಾಯನದ ಜೀವ ಇರುವುದು ಕೀರ್ತನೆಯಲ್ಲಿ, ಮಾತು ಮುರಿಯದೆ ರಾಗ ನಡೆಯುವುದು ಅಲ್ಲೇ. ಈಗ ಈ ಎರಡೂ ಹಿಂದೆ ಸರಿಯುತ್ತಿವೆ. ಕೀಬೋರ್ಡು, ರಿದಂ ಪ್ಯಾಡು, ಮೊಬೈಲಿನಲ್ಲಿ ಬರುವ ಹೊಸ ಹಾಡುಗಳು ಮುಂದೆ ಬಂದಿವೆ.

ದರೋಜಿಯ ಬುರ್ರಕಥಾ ಈರಮ್ಮ ತಲೆಯಲ್ಲಿ ಹೊತ್ತಿದ್ದ ಮಹಾಕಾವ್ಯಗಳು ಅವರ ಬದುಕಿನಲ್ಲೇ ಬರಹಕ್ಕಿಳಿದವು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಅದೇ ಜಿಲ್ಲೆಯ ಚರ್ಚಿನ ಹಾಡಿಗೂ ಅಂಥ ಕಿವಿ ಬೇಕು. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಡೆಯ ಮನೆಗಳಲ್ಲಿ ಹಳೆಯ ಹಾಡಿನ ಪುಸ್ತಕ, ಕೈಬರಹದ ಧಾಟಿಗಳ ವಹಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹಳೆಯ ಕೀರ್ತನೆ ಬಲ್ಲ ಹಿರಿಯರಿದ್ದರೆ ಈ ವಾರವೇ ಅವರ ಮುಂದೆ ಕೂತು ಧ್ವನಿ ಹಿಡಿದಿಡಿ. ಆ ಪುಸ್ತಕದ ಒಂದು ಪ್ರತಿಯೂ ಆ ಧ್ವನಿಯ ಒಂದು ಪ್ರತಿಯೂ ಹಂಪಿಯ ವಿಶ್ವವಿದ್ಯಾಲಯವನ್ನು ತಲುಪಲಿ.