ಟ್ರೈಲರ್ ವೀಕ್ಷಣೆಯ ಲೆಕ್ಕ ಮತ್ತು ದ್ವಿಭಾಷಾ ತಾಲ್ಲೂಕುಗಳು: ‘ಕೆ.ಜಿ.ಎಫ್. ಚಾಪ್ಟರ್ 2’ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

‘ಕೆ.ಜಿ.ಎಫ್. ಚಾಪ್ಟರ್ 2’ ಚಿತ್ರದ ಟ್ರೈಲರ್ 2022ರ ಮಾರ್ಚ್ 27ರಂದು ಐದು ಭಾಷೆಗಳಲ್ಲಿ ಹೊರಬಂತು. ಮೊದಲ 24 ಗಂಟೆಗಳಲ್ಲಿ ತೆಲುಗು ಆವೃತ್ತಿಗೆ 2 ಕೋಟಿ, ಕನ್ನಡ ಆವೃತ್ತಿಗೆ 1.8 ಕೋಟಿ ವೀಕ್ಷಣೆ ಬಂದಿತೆಂದು ನಿರ್ಮಾಣ ಸಂಸ್ಥೆ ಹೊಂಬಾಳೆ ಫಿಲ್ಮ್ಸ್ ಪ್ರಕಟಿಸಿತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಕನ್ನಡ ಚಿತ್ರವೊಂದರ ಮುಂದಿನ ಭಾಗಕ್ಕೆ ಕನ್ನಡಿಗರಿಗಿಂತ ತೆಲುಗರೇ ಹೆಚ್ಚಾಗಿ ಸ್ಪಂದಿಸಿದರು ಎಂದು ಓದುವುದುಂಟು. ಆ ಓದಿಗೆ ಈ ಅಂಕಿಗಳು ಎಷ್ಟರಮಟ್ಟಿಗೆ ಆಧಾರವಾಗಬಲ್ಲವು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಪರಿಶೀಲನೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಒಂದು, ಇಲ್ಲಿ ಕನ್ನಡವೂ ತೆಲುಗೂ ಒಂದೇ ಮನೆಯಲ್ಲಿ, ಹಲವು ಸಲ ಒಂದೇ ಮಾತಿನಲ್ಲಿ, ಬಳಕೆಯಾಗುತ್ತವೆ. ಎರಡು, 2007ರವರೆಗೆ ಈ ನಾಲ್ಕೂ ಕೋಲಾರ ಜಿಲ್ಲೆಗೆ ಸೇರಿದ್ದವು. ಚಿತ್ರದ ಕಥೆ 1951ರಲ್ಲಿ ಆರಂಭವಾಗಿ 1981ರ ಸುಮಾರಿಗೆ ಮುಗಿಯುತ್ತದೆ. ಅಂದರೆ ಕಥೆಯ ಕಾಲದಲ್ಲಿ ಕೋಲಾರದ ಚಿನ್ನದ ಗಣಿ ಈ ಊರುಗಳಿಗೆ ತಮ್ಮದೇ ಜಿಲ್ಲೆಯ ಸಂಗತಿ.

2. ದಿನಾಂಕಗಳು

ಮೊದಲ ಭಾಗ ತೆರೆಕಂಡದ್ದು 2018ರ ಡಿಸೆಂಬರ್ 21ರಂದು. ಎರಡನೆಯ ಭಾಗಕ್ಕೆ ಮೂರು ಬಿಡುಗಡೆ ದಿನಾಂಕಗಳು ಘೋಷಣೆಯಾದವು: 2020ರ ಅಕ್ಟೋಬರ್ 23, 2021ರ ಜುಲೈ 16, 2022ರ ಏಪ್ರಿಲ್ 14. ಮೊದಲೆರಡು ಕೋವಿಡ್‌ನಿಂದಾಗಿ ತಪ್ಪಿದವು. ಎರಡು ಭಾಗಗಳ ನಡುವೆ ಉಳಿದ ಅಂತರ ಮೂರು ವರ್ಷ, ನಾಲ್ಕು ತಿಂಗಳಿಗೆ ಸ್ವಲ್ಪ ಕಡಿಮೆ.

ಟೀಸರ್‌ನ ದಿನಾಂಕದ ವಿಷಯದಲ್ಲಿ ಬರಹಗಳು ಒಂದೇ ಮಾತು ಹೇಳುವುದಿಲ್ಲ. ಕೆಲವು 2021ರ ಜನವರಿ 7 ಎನ್ನುತ್ತವೆ, ಕೆಲವು ಜನವರಿ 8. ಎರಡಕ್ಕೂ ಕಾರಣವಿದೆ. ನಟ ಯಶ್ ಅವರ ಹುಟ್ಟುಹಬ್ಬವಾದ ಜನವರಿ 8ರ ಬೆಳಿಗ್ಗೆ 10 ಗಂಟೆ 18 ನಿಮಿಷಕ್ಕೆ ಟೀಸರ್ ಬರುವುದೆಂದು ಮೊದಲೇ ಪ್ರಕಟವಾಗಿತ್ತು. ಹಿಂದಿನ ಸಂಜೆಯೇ ಅದು ಸೋರಿಕೆಯಾದ್ದರಿಂದ ಸಂಸ್ಥೆ ಜನವರಿ 7ರ ರಾತ್ರಿ 9 ಗಂಟೆ 29 ನಿಮಿಷಕ್ಕೇ ಅಧಿಕೃತವಾಗಿ ಬಿಡುಗಡೆ ಮಾಡಿತು. ನಿಗದಿಯಾದ ಹೊತ್ತಿಗೂ ವಾಸ್ತವದ ಹೊತ್ತಿಗೂ ನಡುವಿನ ವ್ಯತ್ಯಾಸ 12 ಗಂಟೆ 49 ನಿಮಿಷ. ಜನವರಿ 8 ಎಂದು ಬರೆದವರು ಬಹುಶಃ ಪೂರ್ವಘೋಷಣೆಯನ್ನೇ ಅನುಸರಿಸಿದ್ದಾರೆ.

ವ್ಯತ್ಯಾಸ ಸಣ್ಣದಾಗಿ ಕಂಡರೂ ಅಲಕ್ಷಿಸುವಂಥದ್ದಲ್ಲ. ಸುಮಾರು ಎರಡು ದಿನಗಳಲ್ಲಿ 10 ಕೋಟಿ ವೀಕ್ಷಣೆ ಎಂಬ ದಾಖಲೆ ಈ ಟೀಸರ್‌ನದು. ಗಂಟೆಗಳನ್ನು ತಪ್ಪು ಬಿಂದುವಿನಿಂದ ಎಣಿಸಿದರೆ ಇಂಥ ದಾಖಲೆ ಸುಮಾರು 13 ಗಂಟೆಗಳಷ್ಟು ಹಿಗ್ಗಬಹುದು, ಇಲ್ಲವೇ ಕುಗ್ಗಬಹುದು. ಅಧಿಕೃತ ಬಿಡುಗಡೆಗೆ ಮುನ್ನ ಸೋರಿಕೆಯ ತುಣುಕುಗಳನ್ನು ನೋಡಿದವರು ಆ ಲೆಕ್ಕದಲ್ಲಿ ಸೇರಿಲ್ಲ ಎಂಬುದನ್ನೂ ಗಮನಿಸಬೇಕು. ಅಭಿಮಾನಿಗಳ ಮೊದಲ ಸ್ಪಂದನ ಆ ತುಣುಕುಗಳಿಗೇ ಬಂದದ್ದು.

3. ಎಣಿಕೆ

ಟೀಸರ್ ಮತ್ತು ಟ್ರೈಲರ್‌ಗಳ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಟೀಸರ್ ಎಲ್ಲ ಭಾಷೆಯವರಿಗೂ ಸೇರಿ ಒಂದೇ ವಿಡಿಯೊ ಆಗಿತ್ತು. ಬೆಂಗಳೂರಿನ ಸಮಾರಂಭದಲ್ಲಿ ಸಂಜೆ 6 ಗಂಟೆ 40 ನಿಮಿಷಕ್ಕೆ ಬಿಡುಗಡೆಯಾದ ಟ್ರೈಲರ್ ಐದು ಪ್ರತ್ಯೇಕ ವಿಡಿಯೊಗಳು. 24 ಗಂಟೆಗಳ ಲೆಕ್ಕವಾಗಿ ಸಂಸ್ಥೆ ಕೊಟ್ಟದ್ದು ಹೀಗೆ: ಹಿಂದಿ 5.1 ಕೋಟಿ, ತೆಲುಗು 2 ಕೋಟಿ, ಕನ್ನಡ 1.8 ಕೋಟಿ, ತಮಿಳು 1.2 ಕೋಟಿ, ಮಲಯಾಳಂ 80 ಲಕ್ಷ. ಕೂಡಿದರೆ 10.9 ಕೋಟಿ. ಘೋಷಿತ ಮೊತ್ತವೂ ಅಷ್ಟೇ, ಕೂಡುವಿಕೆಯಲ್ಲಿ ದೋಷವಿಲ್ಲ.

ಆದರೆ ಇವು ಹತ್ತು ಲಕ್ಷಕ್ಕೆ ಪೂರ್ಣಗೊಳಿಸಿದ ಅಂಕಿಗಳು. ರೂಢಿಯ ಕ್ರಮದಲ್ಲಿ ಪೂರ್ಣಗೊಳಿಸಿದ್ದಾರೆಂದು ಭಾವಿಸಿದರೆ, ಪ್ರತಿಯೊಂದರಲ್ಲೂ 5 ಲಕ್ಷದವರೆಗೆ ಹೆಚ್ಚು-ಕಡಿಮೆ ಇರಬಹುದು. ಆಗ ತೆಲುಗು ಮತ್ತು ಕನ್ನಡ ಆವೃತ್ತಿಗಳ ನಡುವಿನ 20 ಲಕ್ಷದ ಅಂತರ ವಾಸ್ತವದಲ್ಲಿ 10ರಿಂದ 30 ಲಕ್ಷದ ನಡುವೆ ಎಲ್ಲಾದರೂ ಇದ್ದೀತು. ತೆಲುಗು ಆವೃತ್ತಿ ಮುಂದಿದ್ದುದು ನಿಜ. ಎಷ್ಟು ಮುಂದೆ ಎಂಬುದು ಅಷ್ಟು ಖಚಿತವಲ್ಲ.

ವೀಕ್ಷಣೆ ಎಂದರೆ ವ್ಯಕ್ತಿಯಲ್ಲ. ಒಬ್ಬರೇ ಮರಳಿ ಮರಳಿ ನೋಡಿದರೂ ಒಂದು ಮಿತಿಯವರೆಗೆ ಯೂಟ್ಯೂಬ್ ಎಣಿಸುತ್ತದೆ. ಒಂದೇ ಫೋನಿನ ಸುತ್ತ ಆರು ಮಂದಿ ನಿಂತು ನೋಡಿದರೆ ಅದು ಒಂದೇ. 2019ರ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ 24 ಗಂಟೆಗಳ ದಾಖಲೆಗಳಿಂದ ಹಣ ಕೊಟ್ಟು ಪಡೆದ ಜಾಹೀರಾತು ವೀಕ್ಷಣೆಗಳನ್ನು ಹೊರಗಿಟ್ಟಿತು, ಆದರೆ ಆ ನಿಯಮ ಸಂಗೀತದ ವಿಡಿಯೊಗಳ ದಾಖಲೆಗೆ ಸಂಬಂಧಿಸಿದ್ದು. ಚಿತ್ರದ ಟ್ರೈಲರ್‌ಗಳ ಘೋಷಣೆಗಳು ಆ ಶಿಸ್ತಿಗೆ ಒಳಪಟ್ಟವಲ್ಲ. ಈ ಮಾತು ಎಲ್ಲ ಭಾಷೆಗಳ ಎಲ್ಲ ಟ್ರೈಲರ್‌ಗಳಿಗೂ ಸಮಾನವಾಗಿ ಅನ್ವಯಿಸುತ್ತದೆ, ಈ ಚಿತ್ರವೊಂದಕ್ಕೇ ಅಲ್ಲ.

4. ನಾಲ್ಕು ತಾಲ್ಲೂಕುಗಳು

ಸಾರ್ವಜನಿಕರಿಗೆ ಕಾಣುವ ಅಂಕಿ ಆವೃತ್ತಿಯ ಭಾಷೆಯನ್ನು ಹೇಳುತ್ತದೆ. ನೋಡಿದವರ ಊರನ್ನಾಗಲಿ ಮನೆಮಾತನ್ನಾಗಲಿ ಹೇಳುವುದಿಲ್ಲ. ಒಂದು ರಾಜ್ಯ, ಒಂದು ಭಾಷೆ, ಒಂದು ಪ್ರೇಕ್ಷಕವರ್ಗ ಎಂಬ ಸಮೀಕರಣ ಮಂಡ್ಯದಲ್ಲಿಯೋ ಹಾಸನದಲ್ಲಿಯೋ ಹೆಚ್ಚು ತೊಂದರೆಯಿಲ್ಲದೆ ನಡೆಯಬಹುದು. ಚಿಂತಾಮಣಿಯಲ್ಲಿ ನಡೆಯುವುದಿಲ್ಲ.

ಇದು ಇಂದಿನ ಸ್ಥಿತಿಯಷ್ಟೇ ಅಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು, ಜನರ ಬಾಯಲ್ಲಿ ಕೈವಾರದ ತಾತಯ್ಯ, ತೆಲುಗು ಮತ್ತು ಕನ್ನಡ ಎರಡರಲ್ಲೂ ಪದಗಳನ್ನು ರಚಿಸಿದರು. ಕೇಳುಗರು ಎರಡನ್ನೂ ಒಂದೇ ಭಜನೆಯ ಸಾಲಿನಲ್ಲಿ ಹಾಡುತ್ತ ಬಂದಿದ್ದಾರೆ. ಈ ಸೀಮೆಯ ಟಾಕೀಸುಗಳೂ ಕನ್ನಡ ಚಿತ್ರವನ್ನು ತೆಗೆದು ತೆಲುಗು ಚಿತ್ರ ಹಾಕುವಾಗ ಪ್ರೇಕ್ಷಕರನ್ನು ಬದಲಿಸಿಕೊಳ್ಳುವುದಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದಲ್ಲಿ ಮೂರನೆಯ ಸಾಧ್ಯತೆಯೂ ಇದೆ. ಅಲ್ಲಿನ ನೂಲು ಬಿಚ್ಚುವ ಕಸುಬಿನಲ್ಲಿ ಉರ್ದು ಮನೆಮಾತಿನ ಕುಟುಂಬಗಳು ಗಣನೀಯವಾಗಿವೆ, ಅವರಿಗೆ ಹಿಂದಿ ಆವೃತ್ತಿಯೂ ಅಷ್ಟೇ ಹತ್ತಿರ. ಗೌರಿಬಿದನೂರಿನಿಂದ ಆಂಧ್ರದ ಹಿಂದೂಪುರಕ್ಕೆ ಹೋಗಿಬರುವುದು ದಿನನಿತ್ಯದ ಓಡಾಟ. ನಿರ್ದೇಶಕ ಪ್ರಶಾಂತ್ ನೀಲ್ ಅವರ ಮನೆತನದ ಮೂಲ ಊರು ನೀಲಕಂಠಾಪುರವೂ ಅದೇ ಗಡಿಯಾಚೆಯ ಮಡಕಶಿರಾ ಸೀಮೆಯಲ್ಲಿದೆ.

ಈ ಹಿನ್ನೆಲೆಯಲ್ಲಿ ಒಂದು ಸರಳ ಲೆಕ್ಕ. ಕನ್ನಡವನ್ನೂ ಬಲ್ಲ ವೀಕ್ಷಕ ತೆಲುಗು ಆವೃತ್ತಿಯನ್ನು ಆರಿಸಿಕೊಂಡರೆ ತೆಲುಗಿಗೆ ಒಂದು ಕೂಡುತ್ತದೆ, ಕನ್ನಡದಿಂದ ಒಂದು ತಪ್ಪುತ್ತದೆ. ಅಂತರದ ಮೇಲೆ ಅದರ ಪರಿಣಾಮ ಎರಡು. ಆದ್ದರಿಂದ 20 ಲಕ್ಷದ ಅಂತರ ಇಲ್ಲವಾಗಲು 10 ಲಕ್ಷ ವೀಕ್ಷಣೆಗಳು ಅತ್ತಿಂದಿತ್ತ ಆದರೆ ಸಾಕು. ಪೂರ್ಣಾಂಕದ ಅನಿಶ್ಚಿತತೆಯನ್ನು ಸೇರಿಸಿಕೊಂಡರೆ 5ರಿಂದ 15 ಲಕ್ಷ.

ಇದನ್ನು ಈ ನಾಲ್ಕು ತಾಲ್ಲೂಕುಗಳ ತಲೆಗೇ ಕಟ್ಟುವುದು ಸರಿಯಲ್ಲ. 2011ರ ಜನಗಣತಿಯಂತೆ ಇಡೀ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 12,55,104. ಮಕ್ಕಳು, ವೃದ್ಧರು, ಸಿನಿಮಾ ಗೊಡವೆಯಿಲ್ಲದವರು ಎಲ್ಲರೂ ಅದರಲ್ಲಿ ಸೇರಿದ್ದಾರೆ. ಆದರೆ ಕೋಲಾರ, ಪಾವಗಡ, ಬಳ್ಳಾರಿ, ರಾಯಚೂರು ಮತ್ತು ಬೆಂಗಳೂರಿನ ತೆಲುಗು ಬಲ್ಲ ಕನ್ನಡಿಗರನ್ನೂ ಕೂಡಿಸಿ ನೋಡಿದಾಗ 10 ಲಕ್ಷ ಅಸಂಭವವಾದ ಸಂಖ್ಯೆಯಲ್ಲ. ಎದುರು ದಿಕ್ಕಿನ ಚಲನೆಯನ್ನೂ ಮರೆಯುವಂತಿಲ್ಲ. ಮಡಕಶಿರಾ, ಹಿಂದೂಪುರಗಳ ಕನ್ನಡಿಗರು, ಮೂಲಭಾಷೆಯಲ್ಲೇ ನೋಡಬೇಕೆಂಬ ತೆಲುಗು ಅಭಿಮಾನಿಗಳು ಕನ್ನಡ ಆವೃತ್ತಿಗೆ ಸೇರಿರಬಹುದು. ಹೀಗಾಗಿ ಕನ್ನಡವೇ ಮುಂದಿತ್ತು ಎಂಬ ವಾದವನ್ನೂ ಈ ಅಂಕಿಗಳಿಂದ ಕಟ್ಟಲಾಗದು. ಕಟ್ಟಬಹುದಾದದ್ದು ಇಷ್ಟೇ: ಆವೃತ್ತಿಯ ಅಂಕಿಯಿಂದ ಜನಸಮುದಾಯದ ಸ್ಪಂದನಕ್ಕೆ ಜಿಗಿಯಲು ಇಲ್ಲಿ ಸೇತುವೆಯಿಲ್ಲ.

5. ಒಂದು ಸಂಭಾಷಣೆ

ಸ್ಟೇಟಸ್‌ಗೆ ಹಾಕಿಕೊಂಡ ತುಣುಕುಗಳಿಂದಾದರೂ ಭಾಷೆಯನ್ನು ಗುರುತಿಸಬಹುದೇ? ಟ್ರೈಲರ್‌ನ ಅತಿ ಹೆಚ್ಚು ಅನುಕರಣೆಯಾದ ಮಾತಿನ ಮಟ್ಟಿಗೆ ಅದೂ ಕಷ್ಟ. ಹಿಂಸೆ ತನಗೆ ಇಷ್ಟವಿಲ್ಲ ಎಂದು ನಾಯಕ ರಾಕಿ ಹೇಳುವ ಆ ಮಾತು ಐದೂ ಆವೃತ್ತಿಗಳಲ್ಲಿ ಇಂಗ್ಲಿಷ್‌ನಲ್ಲೇ ಇದೆ. ‘ವಯಲೆನ್ಸ್’ ಎಂಬ ಶಬ್ದವನ್ನು ಮೂರು ಸಲ, ಪ್ರತಿ ಸಲವೂ ಬಿಟ್ಟು ಬಿಟ್ಟು ಉಚ್ಚರಿಸುವ ಲಯ ಭಾಷೆ ಬದಲಾದರೂ ಬದಲಾಗುವುದಿಲ್ಲ. ಶಿಡ್ಲಘಟ್ಟದ ಹುಡುಗನೊಬ್ಬ ಅದನ್ನು ಅನುಕರಿಸಿದರೆ ಅವನು ನೋಡಿದ್ದು ಯಾವ ಆವೃತ್ತಿ ಎಂದು ಕೇಳಿ ತಿಳಿಯಬೇಕೇ ಹೊರತು ಕಂಡು ಹೇಳಲಾಗದು. ಐದು ಭಾಷೆಗಳ ಮಾರುಕಟ್ಟೆಯನ್ನು ಮನಸ್ಸಿನಲ್ಲಿಟ್ಟೇ ಹೀಗೆ ಬರೆದಿರುವ ಸಾಧ್ಯತೆ ಇದೆ.

6. ಎಣಿಕೆಗೆ ಸಿಗದ ಸ್ಪಂದನಗಳು

ಅಭಿಮಾನಿಗಳ ಪ್ರತಿಕ್ರಿಯೆ ಎಂದರೆ ವೀಕ್ಷಣೆಯ ಸಂಖ್ಯೆ ಮಾತ್ರವಲ್ಲ. ದಾಖಲೆಯಲ್ಲಿ ಉಳಿದ ಮೂರು ಸಂಗತಿಗಳು ಉಲ್ಲೇಖಾರ್ಹ.

(ಅ) ಮೊದಲ ಭಾಗದಲ್ಲಿ ಕಥೆಯನ್ನು ನಿರೂಪಿಸಿದ ಪತ್ರಕರ್ತ ಆನಂದ್ ಇಂಗಳಗಿಯ ಪಾತ್ರ ಅನಂತ್ ನಾಗ್ ಅವರದು. 2020ರ ಆಗಸ್ಟ್‌ನಲ್ಲಿ ಪ್ರಕಾಶ್ ರಾಜ್ ಚಿತ್ರೀಕರಣದಲ್ಲಿ ಕಾಣಿಸಿಕೊಂಡಾಗಲೇ ಅಭಿಮಾನಿಗಳಲ್ಲಿ ಅಸಮಾಧಾನ ಎದ್ದಿತು, ಇದು ಬದಲಿ ಪಾತ್ರವಲ್ಲವೆಂದು ಸ್ಪಷ್ಟನೆಯೂ ಬಂತು. ಚಿತ್ರದಲ್ಲಿ ಅವರು ಆನಂದ್ ಅವರ ಮಗ ವಿಜಯೇಂದ್ರ ಇಂಗಳಗಿ. ಪಾತ್ರದ ಮಟ್ಟಿಗೆ ಸ್ಪಷ್ಟನೆ ಸರಿ, ನಿರೂಪಣೆಯ ಕೆಲಸದ ಮಟ್ಟಿಗೆ ಅಭಿಮಾನಿಗಳ ಊಹೆ ಸರಿ. ಎರಡೂ ಒಟ್ಟಿಗೆ ನಿಲ್ಲುತ್ತವೆ. ಮುಂದಿನ ಭಾಗಕ್ಕೆ ಕಾಯುವವರು ಎಷ್ಟು ಸೂಕ್ಷ್ಮವಾಗಿ ಓದುತ್ತಾರೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಈ ಪ್ರಕರಣದಲ್ಲಿಲ್ಲ.

(ಆ) ಟೀಸರ್‌ನ ಕೊನೆಯಲ್ಲಿ ರಾಕಿ ಭಾರೀ ಮಷಿನ್‌ಗನ್‌ನಿಂದ ಜೀಪುಗಳನ್ನು ಉಡಾಯಿಸಿ, ಕಾದು ಕೆಂಪಾದ ನಳಿಕೆಗೆ ಸಿಗರೇಟು ತಾಗಿಸಿ ಹೊತ್ತಿಸಿಕೊಳ್ಳುತ್ತಾನೆ. ಅಭಿಮಾನಿಗಳು ಹೆಚ್ಚು ಹಂಚಿಕೊಂಡ ದೃಶ್ಯಗಳಲ್ಲಿ ಇದೊಂದು. ಅದೇ ದೃಶ್ಯಕ್ಕಾಗಿ ರಾಜ್ಯದ ತಂಬಾಕು ನಿಯಂತ್ರಣ ಘಟಕ ಅದೇ ತಿಂಗಳು ನಟನಿಗೂ ಚಿತ್ರತಂಡಕ್ಕೂ ನೋಟಿಸು ಕಳಿಸಿತು. ಪತ್ರಿಕಾ ವರದಿಗಳ ಪ್ರಕಾರ ಆಧಾರ, 2003ರ ತಂಬಾಕು ಉತ್ಪನ್ನಗಳ ಕಾಯ್ದೆಯ 5ನೇ ಸೆಕ್ಷನ್. ಅಭಿಮಾನಿಗಳೂ ಇಲಾಖೆಯೂ ಒಂದೇ ಚೌಕಟ್ಟನ್ನು ಬೊಟ್ಟುಮಾಡಿದ್ದು ಗಮನಾರ್ಹ. ನೋಟಿಸಿನ ಆತಂಕ, ಈ ಟಿಪ್ಪಣಿಕಾರರ ಅಭಿಪ್ರಾಯದಲ್ಲಿ, ಸಕಾರಣವಾದದ್ದು.

(ಇ) 2021ರ ಜುಲೈ 16ರ ದಿನಾಂಕ ಪ್ರಕಟವಾದ ಬಳಿಕ, ಆ ದಿನವನ್ನು ರಾಷ್ಟ್ರೀಯ ರಜೆಯೆಂದು ಘೋಷಿಸಬೇಕೆಂದು ಅಭಿಮಾನಿಯೊಬ್ಬರು ಪ್ರಧಾನಿಗೆ ಬರೆದ ಪತ್ರ ಸುದ್ದಿಯಾಯಿತು. ಕೊನೆಗೆ ಚಿತ್ರ ಬಂದ 2022ರ ಏಪ್ರಿಲ್ 14 ಅಂಬೇಡ್ಕರ್ ಜಯಂತಿ, ಹೇಗೂ ರಜೆಯ ದಿನ.

7. ಕಲ್ಪಿತ ಚರಿತ್ರೆ

ಚಿತ್ರ ವೈಜ್ಞಾನಿಕ ಕಥೆಯಲ್ಲ. ಆದರೂ ಚರಿತ್ರೆಯನ್ನು ಬೇರೆ ರೀತಿಯಲ್ಲಿ ನಡೆಸಿ ಲೋಕವೊಂದನ್ನು ಕಟ್ಟುವ ಮಟ್ಟಿಗೆ ಆ ಪ್ರಕಾರಕ್ಕೆ ಹತ್ತಿರ. ಚಿತ್ರದ ಗಣಿ ನರಾಚಿ 1951ರಲ್ಲಿ ಪತ್ತೆಯಾಗುತ್ತದೆ. ವಾಸ್ತವದ ಕೋಲಾರದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲೇ ಗಣಿಗಾರಿಕೆಗೆ ಇಳಿದಿತ್ತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ ತಲುಪಿತ್ತು, 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು, 2001ರ ಫೆಬ್ರವರಿ 28ರಂದು ಮುಚ್ಚಿದವು. ಚಿತ್ರೀಕರಣಕ್ಕೂ ಈ ಚರಿತ್ರೆ ತಗಲಿತು: ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳಲ್ಲಿನ ಕೆಲಸಕ್ಕೆ ಪರಿಸರದ ಕಾರಣದಿಂದ 2019ರ ಆಗಸ್ಟ್‌ನಲ್ಲಿ ಸ್ಥಳೀಯ ನ್ಯಾಯಾಲಯ ತಡೆ ನೀಡಿತ್ತು. ಹಳೆಯ ಕೋಲಾರ ಜಿಲ್ಲೆಯ ಪ್ರೇಕ್ಷಕರಿಗೆ ಟ್ರೈಲರ್ ತೋರಿಸುವ ಗಣಿಗೂ ತಾವು ಕೇಳಿ ಬಲ್ಲ ಗಣಿಗೂ ನಡುವಿನ ದೂರ ಉಳಿದವರಿಗಿಂತ ಸ್ಪಷ್ಟವಾಗಿ ಕಂಡಿರಬೇಕು ಎಂಬುದು ಊಹೆ, ಆದರೆ ಆಧಾರವಿಲ್ಲದ ಊಹೆಯಲ್ಲ.

8. ಹೋಲಿಕೆಗೆ ಎರಡು ವೈಜ್ಞಾನಿಕ ಚಿತ್ರಗಳು

ಕನ್ನಡಕ್ಕೆ ಡಬ್ಬಿಂಗ್ ದೀರ್ಘಕಾಲ ನಿಂತುಹೋಗಿತ್ತು. ಸ್ಪರ್ಧಾ ಆಯೋಗದ 2015ರ ಆದೇಶದ ನಂತರವಷ್ಟೇ ದಾರಿ ತೆರೆಯಿತು. ಆದ್ದರಿಂದ ರಜನಿಕಾಂತ್ ಅವರ 2010ರ ‘ಎಂದಿರನ್’ ಚಿಂತಾಮಣಿಯಂಥ ಊರಿನ ಪ್ರೇಕ್ಷಕರಿಗೆ ತೆಲುಗಿನ ‘ರೋಬೋ’ ಆಗಿಯೇ ಹೆಚ್ಚು ಪರಿಚಿತ. ಅದರ ಮುಂದಿನ ಭಾಗ ‘2.0’ ಬಂದದ್ದು ಎಂಟು ವರ್ಷಗಳ ನಂತರ, 2018ರ ನವೆಂಬರ್ 29ರಂದು. ತೆಲುಗಿನಲ್ಲಿ ನೋಡುವ ಅಭ್ಯಾಸ, ಕನಿಷ್ಠ ಭಾಗಶಃ, ಕನ್ನಡದಲ್ಲಿ ಆಯ್ಕೆಯಿಲ್ಲದ ಕಾಲದಲ್ಲಿ ಬೆಳೆದದ್ದು. 4ನೇ ವಿಭಾಗದ ಲೆಕ್ಕವನ್ನು ಓದುವಾಗ ಇದನ್ನೂ ಸೇರಿಸಿಕೊಳ್ಳಬೇಕು.

‘ಅವತಾರ್: ದಿ ವೇ ಆಫ್ ವಾಟರ್’ ಹದಿಮೂರು ವರ್ಷ ಕಾಯಿಸಿ 2022ರ ಡಿಸೆಂಬರ್ 16ರಂದು ಭಾರತದಲ್ಲಿ ಕನ್ನಡವೂ ಸೇರಿ ಆರು ಭಾಷೆಗಳಲ್ಲಿ ಬಂತು. ಅದರ ಮೊದಲ ಟೀಸರ್ ಟ್ರೈಲರ್ ಅದೇ ವರ್ಷದ ಮೇ 9ರಂದು ಅಂತರ್ಜಾಲಕ್ಕೆ ಬಂದು, 24 ಗಂಟೆಗಳಲ್ಲಿ 14.86 ಕೋಟಿ ವೀಕ್ಷಣೆ ಪಡೆಯಿತೆಂದು ಡಿಸ್ನಿ ಹೇಳಿತು. ಅದರಲ್ಲಿ ಚೀನಾದ ಪಾಲು 2.3 ಕೋಟಿ. ಚೀನಾವನ್ನು ಕಳೆದರೆ ಉಳಿಯುವುದು 12.56 ಕೋಟಿ, ‘ಕೆ.ಜಿ.ಎಫ್.’ ಟ್ರೈಲರ್‌ನ 10.9 ಕೋಟಿಗಿಂತ 1.66 ಕೋಟಿ ಹೆಚ್ಚು. ಈ ವ್ಯತ್ಯಾಸವನ್ನು ಅಭಿಮಾನದ ಅಳತೆಯಾಗಿ ಹಿಡಿಯಲಾಗದು. ಡಿಸ್ನಿಯ ಮೊತ್ತದಿಂದ ಬೇರ್ಪಡಿಸಿ ತೋರಿಸಿದ್ದು ಒಂದು ದೇಶವನ್ನು, ಹೊಂಬಾಳೆಯ ಮೊತ್ತ ಒಡೆದಿರುವುದು ಭಾಷೆಗಳ ಪ್ರಕಾರ. ಮೊದಲನೆಯದರಲ್ಲಿ ಗೌರಿಬಿದನೂರಿನ ವೀಕ್ಷಕ ಯಾವ ಭಾಷೆಯವನು ಎಂಬುದು ಕಾಣದು, ಎರಡನೆಯದರಲ್ಲಿ ಅವನು ಗೌರಿಬಿದನೂರಿನವನು ಎಂಬುದೇ ಕಾಣದು.