ವೀರಗಲ್ಲು ಇಲ್ಲದ ಅಜ್ಜಿಯರು

ಭಾಗ 1/6: ಫ್ಲೆಕ್ಸ್‌ಗೂ ಮುಂಚೆ ಕಲ್ಲಿತ್ತು

ನಿಮ್ಮ ಏರಿಯಾ ಸರ್ಕಲ್‌ನಲ್ಲಿ ಕಟ್ಟಿರೋ ಶ್ರದ್ಧಾಂಜಲಿ ಫ್ಲೆಕ್ಸ್ ಒಂದನ್ನ ನಿಂತು ಓದಿ ನೋಡಿ. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’. ನಡುವೆ ಯಾವುದೋ ಕಾರ್ಡಿನಿಂದ ತೆಗೆದು ದೊಡ್ಡದು ಮಾಡಿದ ಫೋಟೊ. ಜನನ, ಮರಣ. ಕೆಳಗೆ ದುಃಖತಪ್ತರ ಪಟ್ಟಿ, ಅವರದ್ದೂ ಫೋಟೊ. ಆ ಅಜ್ಜಿ ಎಂಬತ್ತು ವರ್ಷ ಏನು ಮಾಡಿದ್ರು ಅನ್ನೋದಕ್ಕೆ ಮಾತ್ರ ಒಂದು ಸಾಲೂ ಇರಲ್ಲ.

ಸತ್ತವರನ್ನ ನೆನೆಯೋದು ನಮ್ಮ ನಾಡಿಗೆ ಹೊಸದಲ್ಲ. ಕರ್ನಾಟಕದ ಉದ್ದಗಲಕ್ಕೂ ಸಾವಿರಾರು ವೀರಗಲ್ಲುಗಳಿವೆ. ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನ ಕರೆದೊಯ್ಯೋ ದೃಶ್ಯ, ಮೇಲೆ ಅವನು ದೇವರ ಮುಂದೆ ಕೂತಿರೋದು. ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕಿರೋ ಕಿತ್ತಯ್ಯನ ಕಲ್ಲು ಕ್ರಿ.ಶ. 750ರ ಸುಮಾರಿನದು. ಬೇಗೂರಿನ ಇನ್ನೊಂದು ಕಲ್ಲು 9ನೇ ಶತಮಾನದ ಕೊನೆಯದು. ಅದರಲ್ಲಿ ‘ಬೆಂಗಳೂರು’ ಕಾಳಗದಲ್ಲಿ ಸತ್ತವರ ಮಾತಿದೆ. ಅಂದ್ರೆ ನಾವು ಓಡಾಡೋ ಈ ಊರಿನ ಹೆಸರು ಅಷ್ಟು ಹಳೆಯದು ಅಂತ ಗೊತ್ತಾಗಿದ್ದೇ ಯಾರೋ ತಮ್ಮವರಿಗಾಗಿ ನಿಲ್ಲಿಸಿದ ಕಲ್ಲಿನಿಂದ. ಆತಕೂರಿನಲ್ಲಿ 10ನೇ ಶತಮಾನದಲ್ಲಿ ಒಂದು ನಾಯಿಗೂ ಕಲ್ಲು ನಿಲ್ಲಿಸಿದ್ದಾರೆ. ಅದರ ಹೆಸರು ಕಾಳಿ, ಹಂದಿಯ ಜೊತೆ ಹೋರಾಡಿ ಸತ್ತಿತ್ತು.

ಆದ್ರೆ ಗಮನಿಸಿ. ತುರು ಕಾಯುತ್ತಾ ಸತ್ತವನಿಗೆ ವೀರಗಲ್ಲು. ಗಂಡನ ಜೊತೆ ಚಿತೆ ಏರಿದವಳಿಗೆ ಮಾಸ್ತಿಗಲ್ಲು. ಸಲ್ಲೇಖನ ಮಾಡಿದವರಿಗೆ ನಿಸಿದಿ. ಇವೆಲ್ಲ ಸತ್ತ ರೀತಿಗೆ ನಿಂತ ಕಲ್ಲುಗಳು. ನಾಟಿ ಮಾಡಿ, ಮಕ್ಕಳನ್ನ ಹೆತ್ತು ಹೊತ್ತು, ಪಕ್ಕದ ಮನೆಯವರ ಹೆರಿಗೆ ಮಾಡಿಸಿ, ಮುದುಕಿಯಾಗಿ ಹಾಸಿಗೆಯಲ್ಲೇ ಕಣ್ಣು ಮುಚ್ಚಿದವಳಿಗೆ ಕಲ್ಲು ನಿಲ್ಲಿಸೋದು ವಾಡಿಕೆಯಾಗಿರಲಿಲ್ಲ.

ಈ ಸರಣಿ ಅಂಥವರ ಬಗ್ಗೆ. ಇತ್ತೀಚಿನ ವರ್ಷಗಳಲ್ಲಿ ನಮ್ಮನ್ನ ಬಿಟ್ಟುಹೋದ ನಾಲ್ವರು ಅಜ್ಜಿಯರು. ನಾಲ್ವರಿಗೂ ಪದ್ಮಶ್ರೀ ಬಂದಿತ್ತು, ಹಾಗಾಗಿ ಹೆಸರು ನಿಮಗೆ ಗೊತ್ತಿರುತ್ತೆ. ಹೆಸರು ಗೊತ್ತಿರೋದಕ್ಕೂ ಬದುಕು ಗೊತ್ತಿರೋದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಭಾಗ 2/6: ರಿಜಿಸ್ಟರ್ ಇಲ್ಲದ ಹದಿನೈದು ಸಾವಿರ

ಸೂಲಗಿತ್ತಿ ನರಸಮ್ಮ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಮನೆಮಾತು ತೆಲುಗು. ಹನ್ನೆರಡನೇ ವಯಸ್ಸಿಗೆ ಮದುವೆ. ಹೆರಿಗೆ ಮಾಡಿಸೋದನ್ನ ಕಲಿತದ್ದು ಅಜ್ಜಿಯಿಂದ, ಮೊದಲ ಹೆರಿಗೆ ಮಾಡಿಸಿದಾಗ ವಯಸ್ಸು ಇಪ್ಪತ್ತು. ಈ ಕ್ಯಾಪ್ಶನ್ ಬರೀತಿರೋ ನನ್ನ ವಯಸ್ಸೂ ಅಷ್ಟೇ. ನಾವಿಲ್ಲಿ ಇಂಟರ್ನಲ್ಸ್‌ಗೆ ಹೆದರಿಕೊಂಡು ಕೂತಿರ್ತೀವಿ. ಅವರ ಕೈಯಲ್ಲಿ ಒಂದಲ್ಲ, ಎರಡು ಜೀವ ಇತ್ತು.

ಎಪ್ಪತ್ತು ವರ್ಷಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಅಂತ ಎಲ್ಲ ಕಡೆ ಬರೆದಿದ್ದಾರೆ. ಕಾಮರ್ಸ್ ಓದೋರು ನಾವು, ಭಾಗಿಸಿ ನೋಡೋಣ. ವರ್ಷಕ್ಕೆ ಸುಮಾರು 214, ವಾರಕ್ಕೆ ನಾಲ್ಕು. ಅಂದ್ರೆ ಎರಡು ದಿನಕ್ಕೊಮ್ಮೆ ಯಾರೋ ಬಾಗಿಲು ಬಡೀತಾರೆ. ರಾತ್ರಿಯೋ ಮಳೆಯೋ, ಎದ್ದು ಹೋಗಬೇಕು. ಅದಕ್ಕೆ ಅವರು ಕಾಸು ತಗೋತಿರಲಿಲ್ಲ. ಲೆಡ್ಜರ್‌ನಲ್ಲಿ ಎಂಟ್ರಿ ಬೀಳಬೇಕಾದ್ರೆ ಅದನ್ನ ಹಣದಲ್ಲಿ ಅಳೆಯೋಕಾಗಬೇಕು. ಇಲ್ಲಿ ಎಪ್ಪತ್ತು ವರ್ಷದ ಕೆಲಸ ಇದೆ, ಎಂಟ್ರಿ ಸೊನ್ನೆ. ಅಜ್ಜಿಯರ ಇತಿಹಾಸ ಕಳೆದುಹೋಗೋದು ಹೆಚ್ಚಾಗಿ ಹೀಗೇ. ಯಾರೂ ಬೇಕಂತ ಅಳಿಸಿರಲ್ಲ, ಬರೆಯೋ ಕಾಲಮ್ಮೇ ಇರಲಿಲ್ಲ.

ಒಂದು ಮಾತು ಮುಚ್ಚಿಡಬಾರದು. ‘ಹಿಂದಿನ ಕಾಲವೇ ಚೆನ್ನಾಗಿತ್ತು, ಎಲ್ಲಾ ಮನೆಯಲ್ಲೇ ಆಗ್ತಿತ್ತು’ ಅಂತ ರೀಲ್ಸ್ ಮಾಡೋರಿದ್ದಾರೆ. ನರಸಮ್ಮನವರೇ ಹನ್ನೆರಡು ಮಕ್ಕಳನ್ನ ಹೆತ್ತು ನಾಲ್ವರನ್ನ ಕಳೆದುಕೊಂಡವರು. ಆಸ್ಪತ್ರೆ ಬಂದದ್ದು ಒಳ್ಳೆಯದೇ. ನಾವು ಅವರನ್ನ ನೆನೆಯಬೇಕಾದದ್ದು ಆ ಕಾಲ ವಾಪಸ್ ಬರಲಿ ಅಂತ ಅಲ್ಲ. ಆಸ್ಪತ್ರೆ ಹತ್ತಿರ ಇಲ್ಲದ ಕಾಲದಲ್ಲಿ ಆ ಅಂತರವನ್ನ ಒಬ್ಬ ಹೆಂಗಸು ತನ್ನ ಕಾಲಿಂದ ನಡೆದು ತುಂಬಿದಳು ಅಂತ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ. ಅದೇ ವರ್ಷ ಡಿಸೆಂಬರ್ 25ಕ್ಕೆ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಭಾಗ 3/6: ಬೀಜ ಗೊತ್ತಿದ್ದವರು

ಈಗ ಘಟ್ಟ ಇಳಿಯೋಣ. ಉತ್ತರ ಕನ್ನಡದ ಅಂಕೋಲಾ. ಇತಿಹಾಸದ ಪಠ್ಯದಲ್ಲಿ ಈ ಊರು 1930ರ ಉಪ್ಪಿನ ಸತ್ಯಾಗ್ರಹಕ್ಕೆ ಬರುತ್ತೆ, ಅಲ್ಲಿಗೆ ಮುಗೀತು. ಅದೇ ತಾಲ್ಲೂಕಿನ ಇಬ್ಬರು ಹಾಲಕ್ಕಿ ಅಜ್ಜಿಯರು ಎರಡೇ ತಿಂಗಳ ಅಂತರದಲ್ಲಿ ಹೋದರು. 2024ರ ಡಿಸೆಂಬರ್ 16ಕ್ಕೆ ಹೊನ್ನಳ್ಳಿಯ ತುಳಸಿ ಗೌಡ. 2025ರ ಫೆಬ್ರುವರಿ 13ಕ್ಕೆ ಬಡಿಗೇರಿಯ ಸುಕ್ರಿ ಬೊಮ್ಮಗೌಡ.

2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಬರಿಗಾಲಲ್ಲಿ, ಹಾಲಕ್ಕಿ ಉಡುಗೆಯಲ್ಲೇ ನಡೆದುಹೋದ ಅಜ್ಜಿ ಅಂದ್ರೆ ನೆನಪಾಗುತ್ತೆ ಅಲ್ವಾ? ಅವರೇ ತುಳಸಜ್ಜಿ. ಅವತ್ತು ನಾವೆಲ್ಲ ಆ ಫೋಟೊ ಸ್ಟೇಟಸ್‌ಗೆ ಹಾಕಿದ್ವಿ. ಬರಿಗಾಲು ಕಾಣಿಸಿತು. ಆ ಕಾಲು ನಡೆದ ದಾರಿ?

ತೀರಾ ಚಿಕ್ಕವರಿದ್ದಾಗಲೇ ತಂದೆ ತೀರಿಹೋದರು. ಶಾಲೆಗೆ ಹೋಗಲಿಲ್ಲ. ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ ಕೆಲಸ. ವರ್ಷಗಟ್ಟಲೆ ಕೂಲಿಯಾಗಿ ದುಡಿದ ಮೇಲೆ ಕೆಲಸ ಖಾಯಂ ಆಯ್ತು. ಅಗಸೂರು ನರ್ಸರಿಯಲ್ಲಿ ಅವರ ಮುಖ್ಯ ವಿದ್ಯೆ ಬೀಜದ್ದು. ಕಾಡಿನಲ್ಲಿ ಯಾವ ಮರ ಒಳ್ಳೆಯ ತಾಯಿಮರ, ಅದರ ಬೀಜ ಯಾವಾಗ ಬಲಿಯುತ್ತೆ, ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು. ಒಂದು ವಾರ ಮುಂಚೆ ಆರಿಸಿದ್ರೆ ಬೀಜ ಎಳಸು, ತಡವಾದ್ರೆ ಹಕ್ಕಿ-ಇಲಿಯ ಪಾಲು. ಗಿಡ ನೆಡೋದನ್ನ ನಾವೂ ಎನ್‌ಎಸ್‌ಎಸ್ ಕ್ಯಾಂಪಲ್ಲಿ ಮಾಡ್ತೀವಿ. ಆದ್ರೆ ನಾವು ನೆಡೋ ಗಿಡ ನರ್ಸರಿಗೆ ಬರೋ ಮುಂಚೆ ಯಾರೋ ಕಾಡಲ್ಲಿ ತಲೆ ಎತ್ತಿಕೊಂಡು ಮರ ನೋಡುತ್ತಾ ತಿರುಗಿರಬೇಕು. ಆ ‘ಯಾರೋ’ಗೆ ಹೆಸರು ಸಿಕ್ಕಿದ ಅಪರೂಪದ ಉದಾಹರಣೆ ತುಳಸಿ ಗೌಡ.

ಅವರನ್ನ ‘ಮರಗಳ ವಿಶ್ವಕೋಶ’ ಅಂತ ಕರೀತಿದ್ರು. ಈ ಹೊಗಳಿಕೆಯಲ್ಲೇ ಒಂದು ತೊಂದರೆ ಇದೆ ನೋಡಿ. ವಿಶ್ವಕೋಶವನ್ನ ಓದಿದವರು ಸತ್ತರೂ ಪುಸ್ತಕ ಇರುತ್ತೆ. ಇಲ್ಲಿ ಪುಸ್ತಕವೇ ಹೋಯ್ತು. ಅವರಿಂದ ಕಲಿತವರ ತಲೆಯಲ್ಲಿ ಎಷ್ಟು ಪುಟ ಉಳಿದಿದೆಯೋ ಅಷ್ಟೇ ಲೆಕ್ಕ.

ಭಾಗ 4/6: ಹಾಡು ಗೊತ್ತಿದ್ದವರು, ನೆರಳು ಕೊಟ್ಟವರು

ಸುಕ್ರಜ್ಜಿ ‘ಹಾಲಕ್ಕಿ ಕೋಗಿಲೆ’. ಹಾಡು ಕಲಿತದ್ದು ತಾಯಿಯಿಂದ. ಸಾವಿರಾರು ಹಾಡುಗಳು ಬಾಯಲ್ಲೇ ಇದ್ದವು. ಆಕಾಶವಾಣಿಯವರು ಧ್ವನಿಮುದ್ರಿಸಿಕೊಂಡರು, ಜಾನಪದ ವಿದ್ವಾಂಸರು ಬಂದು ಬರೆದುಕೊಂಡರು. 2017ರಲ್ಲಿ ಪದ್ಮಶ್ರೀ. ಇಷ್ಟು ಎಲ್ಲ ಸುದ್ದಿಯಲ್ಲೂ ಇರುತ್ತೆ.

ಕಡಿಮೆ ಹೇಳೋ ಭಾಗ ಇನ್ನೊಂದಿದೆ. ಸಾಕಿದ ಮಗನನ್ನ ಅವರು ಕುಡಿತಕ್ಕೆ ಕಳೆದುಕೊಂಡರು. ಆಮೇಲೆ ಊರಿನ ಹೆಂಗಸರನ್ನ ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತರು. ‘ಜಾನಪದ ಕಲಾವಿದೆ’ ಅಂತ ಒಂದು ಡಬ್ಬಿಗೆ ಹಾಕಿಬಿಟ್ರೆ ಈ ಹೋರಾಟಗಾರ್ತಿ ಆಚೆ ಉಳಿದುಬಿಡ್ತಾಳೆ. ನಾವು ಹಿರಿಯರಿಗೆ ಒಂದೇ ಬಿರುದು ಕೊಟ್ಟು ಮುಗಿಸ್ತೀವಿ. ಒಬ್ಬ ಮನುಷ್ಯಳ ಬದುಕು ಒಂದೇ ಬಿರುದಿನಷ್ಟು ಚಿಕ್ಕದಾಗಿರಲ್ಲ.

ಧ್ವನಿಮುದ್ರಣದ ಬಗ್ಗೆಯೂ ಒಂದು ಮಾತು. ಹಾಡು ರೆಕಾರ್ಡ್ ಆಗುತ್ತೆ, ಸಂದರ್ಭ ಆಗಲ್ಲ. ಮದುವೆಮನೆಯಲ್ಲಿ ಇದನ್ನ ಯಾವ ಶಾಸ್ತ್ರಕ್ಕೆ ಹಾಡ್ತಾರೆ, ಯಾರು ಮೊದಲು ಎತ್ತಿಕೊಳ್ತಾರೆ, ಯಾವ ಮಾತಿಗೆ ಎಲ್ಲರೂ ನಗ್ತಾರೆ, ಇದನ್ನ ಕೇಳಿ ಬರೆದುಕೊಳ್ಳದಿದ್ರೆ ಟೇಪ್‌ನಲ್ಲಿ ದನಿ ಮಾತ್ರ ಉಳಿಯುತ್ತೆ. ಈ ಕೆಲಸದ ಬೆಲೆ ಗೊತ್ತಿದ್ದವರಲ್ಲಿ ಎಚ್. ಎಲ್. ನಾಗೇಗೌಡರು ಒಬ್ಬರು. ಐಎಎಸ್ ಅಧಿಕಾರಿಯಾಗಿದ್ದವರು, ಜಾನಪದ ಪರಿಷತ್ತು ಕಟ್ಟಿದರು, ರಾಮನಗರದ ಹತ್ತಿರ ಜಾನಪದ ಲೋಕ ಮಾಡಿದರು. ಮೈಸೂರು ಟ್ರಿಪ್ ಹೋಗುವಾಗ ಮದ್ದೂರು ವಡೆಗೆ ಗಾಡಿ ನಿಲ್ಲಿಸ್ತೀವಲ್ಲ, ಅದಕ್ಕೂ ಮುಂಚೆ ಅಲ್ಲೊಮ್ಮೆ ನಿಲ್ಲಿಸಿ.

ಅದೇ ಕಡೆಯ ಮಾಗಡಿ ತಾಲ್ಲೂಕಿನ ಹುಲಿಕಲ್‌ನವರು ನಾಲ್ಕನೆಯವರು, ಸಾಲುಮರದ ತಿಮ್ಮಕ್ಕ. 2025ರ ನವೆಂಬರ್ 14ಕ್ಕೆ, 114ನೇ ವಯಸ್ಸಿನಲ್ಲಿ ಹೋದರು. ಮಕ್ಕಳಿರಲಿಲ್ಲ. ಗಂಡ ಚಿಕ್ಕಯ್ಯನವರ ಜೊತೆ ಕುದೂರು–ಹುಲಿಕಲ್ ರಸ್ತೆಯಲ್ಲಿ ಆಲದ ಸಸಿ ನೆಟ್ಟು, ನೀರು ಹೊತ್ತು, ಬೇಲಿ ಕಟ್ಟಿ ಬೆಳೆಸಿದ ಮರಗಳ ಸಂಖ್ಯೆ 385 ಅಂತ ದಾಖಲಾಗಿದೆ. 2019ರಲ್ಲಿ ರಸ್ತೆ ಅಗಲೀಕರಣದಿಂದ ಆ ಮರಗಳಿಗೆ ಕುತ್ತು ಬಂದಾಗ ಅವರೇ ಮುಖ್ಯಮಂತ್ರಿಯವರನ್ನ ಕೇಳಿಕೊಂಡು ಉಳಿಸಿಕೊಂಡರು. ಪದ್ಮಶ್ರೀ ಬಂದ ವರ್ಷವೂ ಅದೇ. ಇವರ ಕೆಲಸ ಬೇಸಿಗೆಯಲ್ಲಿ ಅದರ ಕೆಳಗೆ ಹೋಗಿ ನಿಂತುಕೊಳ್ಳಬಹುದಾದಂಥದ್ದು.

ಭಾಗ 5/6: ವಯಸ್ಸೆಷ್ಟು ಅಂತ ಕೇಳಿದ್ರೆ

ಸುಕ್ರಜ್ಜಿ ತೀರಿಕೊಂಡ ದಿನ ಒಂದು ಕಡೆ 88 ವರ್ಷ ಅಂತ ಬಂತು, ಇನ್ನೊಂದು ಕಡೆ 91. ಇದು ಪತ್ರಕರ್ತರ ಅಜಾಗರೂಕತೆ ಅಂತ ಅಂದ್ಕೋಬೇಡಿ. ನಿಮ್ಮ ಮನೆಯ ಅಜ್ಜಿಯ ರೇಷನ್ ಕಾರ್ಡು, ಆಧಾರ್, ವೋಟರ್ ಐಡಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಅಜ್ಜಿಗೆ ಮೂರು ಹುಟ್ಟಿದ ವರ್ಷ ಇತ್ತು. ಆಧಾರ್‌ನಲ್ಲಿ ಜನವರಿ 1 ಅಂತ ಇದ್ರೆ ಅದು ಬರೆದುಕೊಂಡವರು ಕೊಟ್ಟ ಹುಟ್ಟುಹಬ್ಬ ಆಗಿರೋ ಸಾಧ್ಯತೆಯೇ ಹೆಚ್ಚು.

ಹಾಗಂತ ಅವರಿಗೆ ಕಾಲದ ಲೆಕ್ಕ ಇರಲಿಲ್ಲ ಅಂತಲ್ಲ. ಅವರ ಲೆಕ್ಕದ ಪುಸ್ತಕ ಬೇರೆ. ಅದನ್ನ ಓದೋಕೆ ಕೆಲವು ಕೀಲಿ:

ದುಡ್ಡು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾಪೈಸೆ. ಅದಕ್ಕೂ ಮುಂಚೆ 16 ಆಣೆ. ‘ನಯಾಪೈಸೆ ಬಂದಾಗ ನನಗೆ ಮದುವೆಯಾಗಿ ಒಂದು ಕೂಸಿತ್ತು’ ಅಂತ ಅಜ್ಜಿ ಹೇಳಿದ್ರೆ ನಿಮಗೆ ಒಂದು ಗಟ್ಟಿ ದಿನಾಂಕ ಸಿಕ್ಕಂತೆ.

ಸಂವತ್ಸರ. ದುರ್ಮುಖಿ ಅಂದ್ರೆ 1956–57, ಮತ್ತೆ ಬಂದದ್ದು 2016–17. ಅರವತ್ತು ವರ್ಷಕ್ಕೊಮ್ಮೆ ಸುತ್ತುತ್ತೆ, ಅದಕ್ಕೆ ಯಾವ ಸುತ್ತು ಅಂತ ಕೇಳಿಕೊಳ್ಳಬೇಕು.

ರಾಜ್ಯ. ತುಳಸಜ್ಜಿ, ಸುಕ್ರಜ್ಜಿ ಹುಟ್ಟಿದ್ದು ಮುಂಬಯಿ ಪ್ರಾಂತ್ಯದಲ್ಲಿ. ನರಸಮ್ಮ, ತಿಮ್ಮಕ್ಕ ಹುಟ್ಟಿದ್ದು ಮೈಸೂರು ಸಂಸ್ಥಾನದಲ್ಲಿ. 1956ರ ನವೆಂಬರ್ 1ಕ್ಕೆ ನಾಲ್ವರೂ ಒಂದೇ ರಾಜ್ಯದವರಾದರು. 1973ರಲ್ಲಿ ಅದಕ್ಕೆ ಕರ್ನಾಟಕ ಅಂತ ಹೆಸರಾಯಿತು. ‘ಏಕೀಕರಣ’ ಅಂತ ನಾವು ಐದು ಮಾರ್ಕ್ಸಿಗೆ ಓದೋದನ್ನ ಅವರು ಬದುಕಿದ್ದರು.

ಭಾಗ 6/6: ನಿಮ್ಮ ಬೀದಿಯ ಕಲ್ಲು

ನಾಲ್ವರ ಕಥೆ ಇಷ್ಟಾದರೂ ಉಳಿದದ್ದು ಪ್ರಶಸ್ತಿ ಬಂದದ್ದರಿಂದ. ಪ್ರಶಸ್ತಿ ಬರದ ಸೂಲಗಿತ್ತಿ ನಿಮ್ಮ ಬೀದಿಯಲ್ಲೂ ಇದ್ದಿರ್ತಾರೆ. ಬೀಡಿ ಕಟ್ಟಿ ಮಕ್ಕಳನ್ನ ಓದಿಸಿದವರು, ಮಿಲ್ ಬಾಗಿಲು ಹಾಕಿದಾಗ ಸೊಪ್ಪು ಮಾರೋಕೆ ಕೂತವರು, ಚೌಡಿಕೆ ಹಿಡಿದು ಹಾಡಿದವರು. ಪದ್ಮ ಪಟ್ಟಿ ಅವರ ತನಕ ಬರಲ್ಲ. ನಾವು ಹೋಗಬಹುದು.

ಕೆಲಸ ಕಷ್ಟದ್ದಲ್ಲ. ಫೋನಿನ ರೆಕಾರ್ಡರ್ ಸಾಕು.

ಮೊದಲು ಒಪ್ಪಿಗೆ ಕೇಳಿ. ‘ಅಜ್ಜೀ, ನೀವು ಹೇಳೋದನ್ನ ಇಟ್ಕೊಳ್ಲಾ?’ ಅನ್ನಿ. ಬೇಡ ಅಂದ್ರೆ ಬೇಡ.

‘ನಿಮ್ಮ ಜೀವನದ ಬಗ್ಗೆ ಹೇಳಿ’ ಅನ್ನಬೇಡಿ. ‘ಏನೈತಪ್ಪ ಹೇಳೋಕೆ’ ಅಂತ ಮುಗಿಸಿಬಿಡ್ತಾರೆ. ಮೊದಲ ಕೂಲಿ ಎಷ್ಟು, ಯಾರ ಕೈಗೆ ಕೊಟ್ರಿ, ಅಕ್ಕಿ ಸೇರಿಗೆಷ್ಟು, ತವರಿಂದ ಬಂದ ದಿನ ಯಾವ ದಾರಿಯಲ್ಲಿ ಬಂದ್ರಿ, ಇದನ್ನ ಕೇಳಿ. ಕೈ ಕೆಲಸ ಹಿಡಿದಾಗ ಮಾತು ಬರುತ್ತೆ. ಬೀನ್ಸ್ ಸೋಸುತ್ತಾ ಕೂತಾಗ ಕೇಳಿ.

ಅವರ ಮಾತನ್ನ ಅವರ ಕನ್ನಡದಲ್ಲೇ ಬರೀರಿ. ‘ತಿದ್ದಿ’ ಪುಸ್ತಕದ ಭಾಷೆಗೆ ತರಬೇಡಿ.

ಫೈಲಿಗೆ ಹೆಸರು, ಊರು, ತಾರೀಕು ಹಾಕಿ. ಹಾಕದಿದ್ರೆ ಹತ್ತು ವರ್ಷದಲ್ಲಿ ಅದು ಗ್ಯಾಲರಿಯಲ್ಲಿ ಬಿದ್ದಿರೋ ಒಂದು ಆಡಿಯೊ ಅಷ್ಟೇ.

ತೀರಿಕೊಂಡವರ ಬಗ್ಗೆ ಆದ್ರೆ ಅವರ ಜೊತೆ ಕೆಲಸ ಮಾಡಿದವರನ್ನ ಕೇಳಿ. ಮಕ್ಕಳಿಗೆ ಅಮ್ಮ ಗೊತ್ತಿರ್ತಾಳೆ, ಗೆಳತಿಗೆ ಆ ಹೆಂಗಸು ಗೊತ್ತಿರ್ತಾಳೆ.

ಮುಂದಿನ ಸಲ ನಿಮ್ಮ ಬೀದಿಯಲ್ಲಿ ಫ್ಲೆಕ್ಸ್ ಮಾಡಿಸೋ ಜವಾಬ್ದಾರಿ ನಿಮ್ಮ ಗ್ಯಾಂಗಿಗೆ ಬಂದ್ರೆ, ದುಃಖತಪ್ತರ ಫೋಟೊ ಎರಡು ಕಡಿಮೆ ಮಾಡಿಸಿ. ಆ ಜಾಗದಲ್ಲಿ ಒಂದು ಸಾಲು ಹಾಕಿಸಿ: ಇವರು ಏನು ಮಾಡುತ್ತಿದ್ದರು. ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಹೆಬ್ಬಾಳದವರು ಕಿತ್ತಯ್ಯನಿಗೆ ಅಷ್ಟು ಮಾಡಿದ್ದರು, ಅದೂ ಕಲ್ಲಿನ ಮೇಲೆ.

ಕಾಮೆಂಟ್‌ನಲ್ಲಿ ಮೂರೇ ಸಾಲು ಬರೀರಿ: ನಿಮ್ಮ ಊರಿನ ಒಬ್ಬ ಅಜ್ಜಿ ಅಥವಾ ತಾತ, ಅವರಿಗೆ ಬರ್ತಿದ್ದ ಒಂದು ಕೆಲಸ, ಅದು ಈಗ ಯಾರಿಗೆ ಬರುತ್ತೆ. ಮನೆಯವರನ್ನ ಕೇಳಿಯೇ ಹೆಸರು ಹಾಕಿ. ಮೂರನೇ ಸಾಲು ‘ಯಾರಿಗೂ ಇಲ್ಲ’ ಅಂತ ಆದ್ರೆ ಅದನ್ನೂ ಬರೀರಿ.

#ನಮ್ಮಹಿರಿಯರು #ವೀರಗಲ್ಲು #ಹಾಲಕ್ಕಿ #ಕನ್ನಡಇತಿಹಾಸ