ಮಡಿಕೆ ತಪ್ಪಿದ ಪ್ರೋಟೀನು

1972ರ ಮಾತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟಾನ್ಲಿ ಪ್ರುಸಿನರ್ ಅನ್ನೋ ಯುವ ವೈದ್ಯರು ನರರೋಗ ವಿಭಾಗದಲ್ಲಿ ತರಬೇತಿಯಲ್ಲಿದ್ದರು. ಅವರ ಹತ್ತಿರ ಒಬ್ಬ ಮಹಿಳೆ ಬಂದರು. ನೆನಪು ಕೈಕೊಡುತ್ತಿತ್ತು, ದಿನದ ಸಣ್ಣಪುಟ್ಟ ಕೆಲಸವೂ ಕಷ್ಟವಾಗಿತ್ತು. ಕಾಯಿಲೆಯ ಹೆಸರು ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್. ಆಕೆ ಬದುಕಲಿಲ್ಲ. ಯಾವುದೋ ನಿಧಾನದ ವೈರಸ್ ಇದಕ್ಕೆ ಕಾರಣ ಅಂತ ಆಗ ನಂಬಿಕೆ. ಆ ವೈರಸ್ಸನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ.

ಪ್ರುಸಿನರ್ ಅದರ ಬೆನ್ನು ಹತ್ತಿದರು. ಇದೇ ಬಗೆಯ ಕಾಯಿಲೆ ಕುರಿಗಳಿಗೂ ಬರುತ್ತೆ. ಅದಕ್ಕೆ ಸ್ಕ್ರೇಪಿ ಅಂತಾರೆ. ಡಿಎನ್‌ಎಯನ್ನು ಹಾಳುಮಾಡುವ ವಿಕಿರಣಕ್ಕೂ ಸ್ಕ್ರೇಪಿ ಜಗ್ಗುವುದಿಲ್ಲ ಅಂತ ಲಂಡನ್ನಿನಲ್ಲಿ ಟಿಕ್ವಾ ಆಲ್ಪರ್ 1960ರ ದಶಕದಲ್ಲೇ ತೋರಿಸಿದ್ದರು. ಪ್ರುಸಿನರ್ ವರ್ಷಗಟ್ಟಲೆ ಇಲಿ, ಹ್ಯಾಮ್‌ಸ್ಟರ್‌ಗಳ ಮೇಲೆ ಪ್ರಯೋಗ ಮಾಡಿ, ರೋಗಕಾರಕವನ್ನು ಸೋಸುತ್ತಾ ಹೋದರು. ಕೊನೆಗೆ ಉಳಿದದ್ದು ಬರೀ ಪ್ರೋಟೀನು. 1982ರಲ್ಲಿ ಅದಕ್ಕೆ ‘ಪ್ರಿಯಾನ್’ ಅಂತ ಹೆಸರಿಟ್ಟರು.

ಅನೇಕ ವಿಜ್ಞಾನಿಗಳು ಸಿಡಿಮಿಡಿಗೊಂಡರು. ಬೀಜವೇ ಇಲ್ಲದೆ ಬೆಳೆ ಬರುತ್ತಾ? ಅಷ್ಟರಲ್ಲಾಗಲೇ ಒಂದು ದೊಡ್ಡ ಅನುದಾನವೂ ಅವರ ಕೈತಪ್ಪಿತ್ತು.

ಉತ್ತರ ಸಿಕ್ಕಿದ್ದು ನಮ್ಮೊಳಗೇ. ಈ ಪ್ರೋಟೀನಿನ ಜೀನ್ ಆರೋಗ್ಯವಂತರಲ್ಲೂ ಇದೆ ಅಂತ 1985ರಲ್ಲಿ ಗೊತ್ತಾಯಿತು. ಪ್ರೋಟೀನು ಅಂದ್ರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಅದು ಸರಿಯಾಗಿ ಮಡಚಿಕೊಂಡರೇನೇ ಕೆಲಸಕ್ಕೆ ಬರೋದು. ಮಡಿಕೆ ತಪ್ಪಿದ ಒಂದು ಪ್ರಿಯಾನ್ ಪಕ್ಕದ ಒಳ್ಳೆಯ ಪ್ರೋಟೀನನ್ನೂ ತನ್ನ ಹಾಗೇ ತಿರುಚುತ್ತೆ. ಅದು ಇನ್ನೊಂದನ್ನು. ಹೀಗೇ ಮಿದುಳು ಸ್ಪಂಜಿನಂತೆ ತೂತುಬೀಳುತ್ತೆ. ಆ ಜೀನನ್ನೇ ತೆಗೆದ ಇಲಿಗಳಿಗೆ ಸ್ಕ್ರೇಪಿ ಬರಲಿಲ್ಲ ಅಂತ 1993ರಲ್ಲಿ ತಿಳಿದಾಗ ವಾದ ಗಟ್ಟಿಯಾಯಿತು.

ಹೊರಗಿನ ಜಗತ್ತು ಬೆಚ್ಚಿದ್ದು ಹಸುಗಳಿಂದ. 1986ರಲ್ಲಿ ಬ್ರಿಟನ್ನಿನಲ್ಲಿ ‘ಹುಚ್ಚು ಹಸು’ ಕಾಯಿಲೆ ಪತ್ತೆಯಾಯಿತು. ಹುಲ್ಲು ತಿನ್ನುವ ಪ್ರಾಣಿಗೆ ಮಾಂಸ, ಮೂಳೆಯ ಪುಡಿ ತಿನ್ನಿಸಿದ್ದರ ಫಲ ಅದು. ಈ ಕಾಯಿಲೆಗೂ ಹತ್ತು ಜನರಲ್ಲಿ ಕಂಡ ಹೊಸ ಬಗೆಯ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್‌ಗೂ ಸಂಬಂಧ ಇರಬಹುದು ಅಂತ 1996ರ ಮಾರ್ಚಿನಲ್ಲಿ ಅಲ್ಲಿನ ಸರ್ಕಾರವೇ ಒಪ್ಪಿಕೊಂಡಿತು. ಮರುವರ್ಷ ಪ್ರುಸಿನರ್ ಒಬ್ಬರಿಗೇ ವೈದ್ಯಕೀಯ ನೊಬೆಲ್ ಬಂತು.

ಅದೇ 1997ರ ರಸಾಯನಶಾಸ್ತ್ರದ ನೊಬೆಲ್ಲೂ ಪ್ರೋಟೀನುಗಳಿಗೇ ಸಂದಿತು. ಅರ್ಧ ಪ್ರಶಸ್ತಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ. ಏಡಿಯ ನರದಲ್ಲಿ ಸೋಡಿಯಂ–ಪೊಟ್ಯಾಸಿಯಂ ಪಂಪನ್ನು ಕಂಡುಹಿಡಿದವರು. ಉಳಿದರ್ಧ ಅಮೆರಿಕದ ಪಾಲ್ ಬಾಯರ್ ಮತ್ತು ಇಂಗ್ಲೆಂಡಿನ ಜಾನ್ ವಾಕರ್ ಅವರಿಗೆ. ಜೀವಕೋಶಗಳಲ್ಲಿ ಚಲಾವಣೆಯಾಗುವ ಶಕ್ತಿಯ ನಾಣ್ಯ ಎಟಿಪಿ. ನಾವು ಒಂದು ದಿನಕ್ಕೆ ಹತ್ತಿರಹತ್ತಿರ ನಮ್ಮ ತೂಕದಷ್ಟೇ ಎಟಿಪಿಯನ್ನು ಮತ್ತೆ ಮತ್ತೆ ತಯಾರಿಸಿ ಖರ್ಚುಮಾಡ್ತೀವಿ! ಅದನ್ನು ಟಂಕಿಸುವ ಪ್ರೋಟೀನು ನೀರಿನ ಚಕ್ರದ ಹಾಗೆ ಗಿರ್ರನೆ ತಿರುಗುತ್ತೆ, ತಿರುಗುವಾಗ ಅದರ ಮೂರು ಭಾಗಗಳು ಸರದಿಯಂತೆ ಆಕಾರ ಬದಲಿಸುತ್ತವೆ ಅಂತ ಬಾಯರ್ ಹೇಳಿದ್ದರು. ಇದನ್ನೂ ಬಹಳ ಜನ ನಂಬಿರಲಿಲ್ಲ. 1994ರಲ್ಲಿ ವಾಕರ್ ತಂಡ ಅದರ ರಚನೆಯನ್ನು ಬಿಡಿಸಿದಾಗ ಮೂರು ಭಾಗಗಳೂ ಮೂರು ಆಕಾರದಲ್ಲಿದ್ದವು. ಆ ಪ್ರೋಟೀನನ್ನು ತೆಗೆದದ್ದು ಎಲ್ಲಿಂದ ಗೊತ್ತಾ? ದನದ ಹೃದಯದಿಂದ.

ದನದ ಹೃದಯದಲ್ಲಿ ತಿರುಗುತ್ತಾ ಜೀವ ನಡೆಸುವುದೂ ಪ್ರೋಟೀನೇ, ಅದರ ಮಿದುಳಿನಲ್ಲಿ ತಿರುಚಿಕೊಂಡು ಜೀವ ತೆಗೆಯುವುದೂ ಪ್ರೋಟೀನೇ. ಎರಡು ಕಡೆಯೂ ಲೆಕ್ಕಕ್ಕೆ ಬಂದದ್ದು ಆಕಾರ.

ಇಷ್ಟೆಲ್ಲ ತಿಳಿದರೂ, 1972ರಲ್ಲಿ ಆ ಮಹಿಳೆಗೆ ಬಂದಿದ್ದ ಕಾಯಿಲೆಗೆ ಇವತ್ತಿಗೂ ಔಷಧಿ ಇಲ್ಲ. ಪದಕ ಬಂದಾಯ್ತು, ಕೆಲಸ ಬಾಕಿ ಇದೆ.